ಬ್ಯಾಂಕಾಕಿನಿಂದ ಹುಚ್ಚೆಳ್ಳು ಪುಡಿಯ ಮಹಜರು

ಹೊರಡುವ ಮುಂಚೆ, ಅರಕಲಗೂಡು

ವಿದೇಶಕ್ಕೆ ಹೊರಡುವ ಮುಂಚೆ ಜನ ದೇವಸ್ಥಾನಕ್ಕೋ ಬುದ್ಧವಿಹಾರಕ್ಕೋ ಹೋಗಿ ಬರುತ್ತಾರೆ. ನಾನು ಪೊಲೀಸ್ ಠಾಣೆಗೆ ಹೋಗಿ ಬಂದೆ.

ಕಾರಣ ನನ್ನ ಚಿಕ್ಕಮ್ಮ. ಹೆಸರು ಸುಜಾತಮ್ಮ, ಅಮ್ಮನ ತಂಗಿ, ಇರುವುದು ಅರಕಲಗೂಡಿನಲ್ಲಿ. ಮನೆಯಲ್ಲೇ ಹುಚ್ಚೆಳ್ಳು ಹುರಿದು ಕುಟ್ಟಿ ಚಟ್ನಿಪುಡಿ ಮಾಡಿ ಪೊಟ್ಟಣ ಕಟ್ಟುತ್ತಾಳೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಸುತ್ತಲಿನ ಅಂಗಡಿಗಳಲ್ಲಿ ತೂಗುಹಾಕಿದ ಕಪ್ಪು ಪುಡಿಯ ಪೊಟ್ಟಣ ನೋಡಿದ್ದೀರಾದರೆ ಅದು ಅವಳದು. ಪೊಟ್ಟಣದ ಮೇಲೆ ಒಂದು ಒರಳುಕಲ್ಲು, ಬಳೆ ತೊಟ್ಟ ಒಂದು ಕೈ. ಆ ಚಿತ್ರ ಬರೆದವಳು ನಾನು, ಹತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ.

ಈ ಬೇಸಿಗೆಯಲ್ಲಿ ಹೊಳೆನರಸೀಪುರದ ನಮ್ಮ ಬೀದಿಯ ಅಂಗಡಿಯವರು ನನ್ನನ್ನು ಕರೆದು ನಿಲ್ಲಿಸಿದರು. "ನಿಮ್ ಚಿಕ್ಕಮ್ಮಂಗೆ ಏನಾಗದವ್ವಾ? ಚಟ್ನಿಪುಡಿ ಅಂತ ದನದ ಹಿಂಡಿ ತುಂಬ್ತಾವ್ಳೆ" ಅಂದರು. ಆ ಪೊಟ್ಟಣವನ್ನು ಅರಕಲಗೂಡಿಗೆ ಒಯ್ದು ಕೊಟ್ಟೆ. ಚಿಕ್ಕಮ್ಮ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಲೇಬಲ್ ಅವಳದೇ, ಚಿತ್ರ ನನ್ನದೇ. ಒಳಗಿದ್ದದ್ದು ಮಾತ್ರ ಎಣ್ಣೆ ಹಿಂಡಿ ಉಳಿದ ಹಿಂಡಿಯ ಪುಡಿ, ಮೇಲಿಷ್ಟು ಖಾರ. ಆಮೇಲೆ ಒಂದೊಂದೇ ಅಂಗಡಿಯವರು ಬೇಡ ಅನ್ನತೊಡಗಿದರು. ಅವಳಿಗೆ ಜಮೀನಿಲ್ಲ, ಸಂಬಳದ ಕೆಲಸವಿಲ್ಲ. ಆ ಪೊಟ್ಟಣದ ಮೇಲಿನ ಹೆಸರೊಂದೇ ಅವಳದು. ಅದನ್ನೇ ಯಾರೋ ಎತ್ತಿಕೊಂಡು ಹೋಗಿದ್ದರು.

ಈಗ ನನ್ನ ವಿಷಯ. ಹಾಸನದಲ್ಲಿ ಕಾನೂನು ಓದಿದ ಅಷ್ಟೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಾನು ಬೌದ್ಧಿಕ ಸ್ವತ್ತಿನ ವಿರುದ್ಧವೇ ಮಾತಾಡಿ ಗೆದ್ದವಳು. ನಕಲಿ ಮಾಲಿನ ಮೇಲೆ ಪೊಲೀಸ್ ದಾಳಿ ಅಂದರೆ ಏನು? ಜನರ ತೆರಿಗೆಯಲ್ಲಿ ದೊಡ್ಡ ಕಂಪನಿಗಳಿಗೆ ಕಾವಲು. ಅಕ್ಕಿ ಕಳುವಾದರೆ ಮನೆಯವನಿಗೆ ಅಕ್ಕಿ ಇರುವುದಿಲ್ಲ, ಚಿತ್ರ ನಕಲಾದರೆ ಚಿತ್ರ ಅಲ್ಲೇ ಇರುತ್ತದಲ್ಲ, ಹಾಗಾದರೆ ಕಳುವಾದದ್ದೇನು? ಈ ಪ್ರಶ್ನೆ ಹಾಕಿದರೆ ಎದುರಾಳಿ ತಂಡ ನೀರು ಕುಡಿಯುತ್ತಿತ್ತು. ಆದರೆ ಕೊಟ್ಟ ಪಕ್ಷದ ಪರವಾಗಿ ಮಾತಾಡಬೇಕೆಂಬುದೂ ಅಲ್ಲೇ ಕಲಿತ ಪಾಠ. ಈ ಸಲ ಪಕ್ಷ ಕೊಟ್ಟವಳು ಚಿಕ್ಕಮ್ಮ.

ಕಾನೂನಿನಲ್ಲಿ ಒಂದು ಒಳದಾರಿ ಇದೆ. ಟ್ರೇಡ್‌ಮಾರ್ಕಿನ ದಾರಿ ಹಿಡಿದರೆ ಜಪ್ತಿಗೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿ ಬೇಕು, ನೋಂದಣಾಧಿಕಾರಿಯ ಅಭಿಪ್ರಾಯ ಬೇಕು. ಕೃತಿಸ್ವಾಮ್ಯದ ದಾರಿಯಲ್ಲಾದರೆ ಒಬ್ಬ ಸಬ್ ಇನ್‌ಸ್ಪೆಕ್ಟರ್ ಸಾಕು. ಚಿತ್ರ ನನ್ನದಾದ್ದರಿಂದ ದೂರುದಾರಳೂ ನಾನೇ. ದೂರನ್ನು ಮಾತ್ರ ನಾನು ಬರೆಯಲಿಲ್ಲ. ಯಾವುದೋ ಬೂಟಿನ ಕಂಪನಿಗೆ ಯಾವುದೋ ವಕೀಲರು ಬರೆದುಕೊಟ್ಟಿದ್ದ ದೂರಿನ ನಮೂನೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಬೂಟು ತೆಗೆದು ಪುಡಿ ಹಾಕಿದೆ. ನಕಲಿನ ವಿರುದ್ಧದ ದೂರನ್ನೇ ನಕಲು ಹೊಡೆದೆನಲ್ಲ ಎಂದು ಒಬ್ಬಳೇ ನಕ್ಕೆ.

ನಕಲಿ ಹಂಚುತ್ತಿದ್ದ ಅಂಗಡಿ ಯಾವ ಠಾಣೆಯ ಸರಹದ್ದಿನದು ಎಂದು ಹೇಳುವುದಿಲ್ಲ. ಚನ್ನರಾಯಪಟ್ಟಣದ ಕಡೆಯದು ಎಂದರೆ ಸಾಕು, ಯಾಕೆಂದರೆ ಮುಂದೆ ನಡೆದದ್ದರಲ್ಲಿ ತಪ್ಪು ಅವರದಲ್ಲ. ಅಲ್ಲಿನ ಎಸ್ಸೈ ದೂರನ್ನು ಎರಡು ಸಲ ಓದಿ, ದಾಳಿಯ ದಿನ ನಮ್ಮ ಕಡೆಯವರೊಬ್ಬರು ಇದ್ದು ಯಾವುದು ಅಸಲಿ, ಯಾವುದು ನಕಲಿ ಎಂದು ತೋರಿಸಬೇಕು ಅಂದರು. ಎಲ್ಲ ಅದರಲ್ಲೇ ಬರೆದಿದೆ ಸರ್ ಅಂದೆ. ಮುಂದಿನ ವಾರ ಚಿಕ್ಕಮ್ಮನೂ ನಾನೂ ನಮ್ಮ ಬುದ್ಧವಿಹಾರದ ತಂಡದ ಜೊತೆ ಥಾಯ್ಲೆಂಡಿಗೆ ಹೊರಟಿದ್ದೆವು. ಅಷ್ಟರೊಳಗೆ ದಾಳಿ ನಡೆಯುತ್ತದೆಂದು ನಂಬುವಷ್ಟು ಮುಗ್ಧೆ ನಾನಲ್ಲ.

ಸುವರ್ಣಭೂಮಿ

ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಇಳಿದ ಕೂಡಲೇ ತಿಮ್ಮಯ್ಯ ಮೇಷ್ಟ್ರು ಆ ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು ಅವರು, ನಮ್ಮ ಬುದ್ಧವಿಹಾರದ ಹಿರಿಯರು, ಈ ತಂಡದ ನಾಯಕರು. ಹಾಸನ ಸೀಮೆಯ ಹನ್ನೆರಡು ಜನ, ಎಲ್ಲರೂ ಮೊದಲ ಸಲ ಸಮುದ್ರ ದಾಟಿದವರು. ನನ್ನ ಎದೆಯಂತೂ ತಮಟೆಯಾಗಿತ್ತು. ಮೆಟ್ಟಿಲು ತಾನೇ ಓಡುತ್ತದೆ, ನೆಲ ತಾನೇ ಓಡುತ್ತದೆ, ಗೋಡೆಯ ಮೇಲಿನ ಲಿಪಿ ಅಷ್ಟು ದೂರದಿಂದ ಕನ್ನಡದ ಸೋದರತ್ತೆಯ ಹಾಗೆ ಕಾಣಿಸಿ ಹತ್ತಿರ ಹೋದರೆ ಗುರುತೇ ಹೇಳುವುದಿಲ್ಲ.

ಮೊದಲ ಅವಾಂತರ ಅಲ್ಲೇ ಆಯಿತು. ಚಿಕ್ಕಮ್ಮನ ಚೀಲವನ್ನು ಯಂತ್ರದೊಳಗೆ ಬಿಟ್ಟ ಅಧಿಕಾರಿಣಿ ಅದನ್ನು ಪಕ್ಕಕ್ಕೆಳೆದು ತೆರೆಸಿದಳು. ಒಳಗೆ ಹತ್ತು ಪೊಟ್ಟಣ ಕಪ್ಪು ಪುಡಿ. ಇನ್ನಿಬ್ಬರು ಬಂದರು. ನಾನು ನನ್ನ ಇಂಗ್ಲಿಷಿನ ಪೆಟ್ಟಿಗೆ ಬಿಚ್ಚಿ ಎಣ್ಣೆಕಾಳು, ಪಾರಂಪರಿಕ ಆಹಾರ, ಗೃಹೋದ್ಯಮ ಎಂದೆಲ್ಲ ವಾದ ಮಂಡಿಸತೊಡಗಿದೆ. ಅವರ ಮುಖ ಇನ್ನೂ ಗಂಟಾಯಿತು. ಚಿಕ್ಕಮ್ಮ ನನ್ನನ್ನು ಮೊಣಕೈಯಿಂದ ಸರಿಸಿ, ಒಂದು ಪೊಟ್ಟಣ ಬಿಚ್ಚಿ, ಎಡ ಅಂಗೈಗೆ ಸುರಿದುಕೊಂಡು, ನೆಕ್ಕಿ, ಅದೇ ಅಂಗೈಯನ್ನು ಅವರ ಮುಂದೆ ಚಾಚಿದಳು. ಹಿರಿಯ ಅಧಿಕಾರಿಣಿ ಒಂದು ಕ್ಷಣ ನೋಡಿ, ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡಳು. ಖಾರ ಹತ್ತಿತು. ನಕ್ಕು, ಕೈ ಬೀಸಿ ಕಳಿಸಿಬಿಟ್ಟಳು.

ಹೊರಗೆ ನಮಗೆ ಕಾಯುತ್ತಿದ್ದ ಗೈಡ್ ನೋಕ್ ಎಂಬ ಮೂವತ್ತರ ಹೆಣ್ಣು. ಅವಳ ಇಂಗ್ಲಿಷನ್ನು ತಂಡಕ್ಕೆ ಕನ್ನಡ ಮಾಡಿ ಹೇಳುವ ಕೆಲಸ ನನ್ನದು. ನಮ್ಮ ಹಾಗೇ ಕೈಮುಗಿದು ನಮಸ್ಕರಿಸುತ್ತಾರೆ ಇಲ್ಲಿ. ಚಿಕ್ಕಮ್ಮ ಅವಳಿಗೆ ಎಡಗೈಯಲ್ಲೇ ಬಾಳೆಹಣ್ಣು ಕೊಡಹೋದಾಗ ಮೇಷ್ಟ್ರು ಗದರಿದರು. ಊರೂರು ದಾಟಿ ಬಂದರೂ ಎಡಚಿ ಬುದ್ಧಿ ಬಿಡಲಿಲ್ಲವಲ್ಲ ಎಂದು. "ಕೊಡ ಕೈ ನೋಡ್ತೀರೋ, ಹಣ್ ನೋಡ್ತೀರೋ ಮೇಷ್ಟ್ರೇ?" ಅಂದಳು ಚಿಕ್ಕಮ್ಮ. ನೋಕ್ ಎರಡೂ ಕೈಯಲ್ಲಿ ಹಣ್ಣು ತೆಗೆದುಕೊಂಡಳು.

ಸಂತೆಯಲ್ಲಿ

ಎರಡನೆಯ ದಿನ ನೋಕ್ ನಮ್ಮನ್ನು ಬಿಟ್ಟದ್ದು ಒಂದು ಬಹುಮಹಡಿ ಸಂತೆಗೆ. ಹಾಸನದ ಮಂಗಳವಾರದ ಸಂತೆಯನ್ನು ಆರು ಅಂತಸ್ತಾಗಿ ಜೋಡಿಸಿ ಎಲ್ಲ ಅಂತಸ್ತಿಗೂ ಏಸಿ ಹಾಕಿದರೆ ಹೇಗೋ ಹಾಗೆ. ಜಗತ್ತಿನ ಯಾವ ದೊಡ್ಡ ಹೆಸರು ಬೇಕು? ಬ್ಯಾಗಿನ ಮೇಲಿದೆ, ಬೆಲ್ಟಿನ ಮೇಲಿದೆ, ಚಡ್ಡಿಯ ಪಟ್ಟಿಯ ಮೇಲಿದೆ. ನನಗೆ ಕುಣಿಯುವಷ್ಟು ಖುಷಿ. ಇದು ನನ್ನ ವಾದದ ವಿಶ್ವವಿದ್ಯಾಲಯ!

ಒಂದು ವಾಚಿಗೆ ಮನಸೋತು ಚೌಕಾಶಿಗೆ ಇಳಿದೆ. ಮಾರುವವಳು ಕ್ಯಾಲ್ಕುಲೇಟರಿನಲ್ಲಿ ಒಂದು ಸಂಖ್ಯೆ ಒತ್ತಿ ತೋರಿಸುತ್ತಾಳೆ, ನಾನು ಅದನ್ನು ಅಳಿಸಿ ನನ್ನದು ಒತ್ತುತ್ತೇನೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಜಗಳ ಮಾತ್ರ ಚೊಕ್ಕವಾಗಿ ಸಾಗಿತ್ತು. ನಮ್ಮಲ್ಲಾಗಿದ್ದರೆ ಇಷ್ಟರಲ್ಲಿ ಎರಡು ತಲೆಮಾರಿನ ಪ್ರಸ್ತಾಪ ಆಗಿಹೋಗಿರುತ್ತಿತ್ತು. ಇಲ್ಲಿಯವರು ನಗುನಗುತ್ತಲೇ ಆಗದು ಅನ್ನುತ್ತಾರೆ. ನಕ್ಕರೆ ಒಪ್ಪಿದರು ಅಂದುಕೊಂಡು ನಾನು ಎರಡು ಸಲ ವಾಚು ಕಟ್ಟಿಕೊಂಡು, ಎರಡು ಸಲ ಬಿಚ್ಚಿ ಕೊಟ್ಟೆ. ಮೂರನೆಯ ಸಲ ಅದು ನನ್ನ ಕೈಯಲ್ಲೇ ಉಳಿಯಿತು.

ಅಷ್ಟರಲ್ಲಿ ಎಲ್ಲೋ ಒಂದು ಸಿಳ್ಳೆ. ಜೋರಾಗಿಯೇನಲ್ಲ, ಕುಕ್ಕರಿನ ಮೊದಲ ಸಿಳ್ಳೆಯಷ್ಟು. ಸಾಲಿಡೀ ಅಂಗಡಿಗಳ ಮೇಲೆ ಬಟ್ಟೆ ಬಿತ್ತು. ನನ್ನ ವಾಚಿನವಳು ಟ್ರೇ ಎತ್ತಿ ಕುರ್ಚಿಯ ಕೆಳಗೆ ತಳ್ಳಿ, ಅದೇ ಜಾಗದಲ್ಲಿ ಕೀಚೈನಿನ ಆನೆಗಳನ್ನು ಸಾಲಾಗಿ ನಿಲ್ಲಿಸಿ, ಅನ್ನದ ಡಬ್ಬಿ ಬಿಚ್ಚಿ ಉಣ್ಣತೊಡಗಿದಳು. ಇಬ್ಬರು ಪೊಲೀಸರು, ಜೊತೆಗೆ ಕೋಟು ತೊಟ್ಟ ಒಬ್ಬಾತ, ನಿಧಾನವಾಗಿ ಹಾದುಹೋದರು. ಮೂಲೆಯ ಒಂದು ಅಂಗಡಿಯಿಂದ ಎರಡು ಚೀಲ ಬ್ಯಾಗು ಎತ್ತಿಸಿ, ಕೋಟಿನವನು ಒಂದೊಂದನ್ನೂ ತಿರುಗಿಸಿ ನೋಡಿದ ಮೇಲೆ ಫೋಟೋ ತೆಗೆದು ಹೊರಟರು. ಐದು ನಿಮಿಷಕ್ಕೆ ಆನೆಗಳು ಒಳಗೆ, ವಾಚುಗಳು ಹೊರಗೆ. ನೋಕ್ ಭುಜ ಕುಣಿಸಿ, ವಾರಕ್ಕೊಮ್ಮೆ ಹೀಗೇ ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಹದಿನೈದು ನಿಮಿಷ ಭಾಷಣ ಹೊಡೆದೆ. ಇದು ನಾಟಕವಲ್ಲದೆ ಇನ್ನೇನು? ಸಿಳ್ಳೆ ಹಾಕುವವನಿಗೆ ಮೊದಲೇ ಗೊತ್ತು, ಪೊಲೀಸರಿಗೂ ಅವನು ಗೊತ್ತು, ಕಂಪನಿಗೆ ಬೇಕಾದದ್ದು ಫೋಟೋ ಅಷ್ಟೆ. ಮೇಷ್ಟ್ರು ತಲೆದೂಗಿದರು. ಅನ್ನದ ಮೇಲೆ ಹುಚ್ಚೆಳ್ಳು ಪುಡಿ ಉದುರಿಸಿಕೊಳ್ಳುತ್ತಿದ್ದ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು.

"ಆ ಕೋಟಿನೋನು ಯಾರು?"

ಕಂಪನಿಯ ಕಡೆಯವನು, ಅಸಲಿ ಯಾವುದು ನಕಲಿ ಯಾವುದು ಅಂತ ಹೇಳುವವನು ಅಂದಳು ನೋಕ್. ಚಿಕ್ಕಮ್ಮ ನನ್ನ ಮುಖ ನೋಡಿದಳು. ನಾನು ವಾಚು ನೋಡಿಕೊಂಡೆ.

ತಾಯಿತದ ಓಣಿ

ನದಿಯ ದಂಡೆಗೆ ಒಂದು ಓಣಿ. ನದಿ ಹೇಮಾವತಿಗಿಂತ ದೊಡ್ಡದೇ, ಆದರೆ ಗೊರೂರಿನ ಅಣೆಕಟ್ಟಿನ ಹಿಂದೆ ನಿಂತ ನೀರಿನ ಗಾಂಭೀರ್ಯ ಇದಕ್ಕಿಲ್ಲ, ಸದಾ ಕಛೇರಿಗೆ ಹೊತ್ತಾದವರ ಹಾಗೆ ದೋಣಿಗಳನ್ನು ಹೊತ್ತು ಓಡುತ್ತದೆ. ಓಣಿಯ ಉದ್ದಕ್ಕೂ ಮಾರುವುದು ತಾಯಿತ. ಬುದ್ಧನ ಪುಟ್ಟ ಅಚ್ಚುಗಳು, ಮಣ್ಣಿನವು, ಲೋಹದವು, ಹೂವಿನ ಪುಡಿಯವು. ಹಿಂದೆ ಯಾವ ಯಾವುದೋ ವಿಹಾರದಲ್ಲಿ ಭಿಕ್ಕುಗಳು ಒತ್ತಿದ್ದವಂತೆ. ಇವುಗಳಲ್ಲೂ ನಕಲಿ ಇವೆ, ರಾಶಿ ರಾಶಿ ಇವೆ. ಕೊಳ್ಳಲು ಬಂದ ಗಂಡಸರು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದು ತಾಯಿತವನ್ನೂ ಗಳಿಗೆಗಟ್ಟಲೆ ಪರೀಕ್ಷಿಸುತ್ತ ಕೂತಿದ್ದರು.

ನನಗೆ ಮತ್ತೆ ಹುಮ್ಮಸ್ಸು. ಮೇಷ್ಟ್ರನ್ನು ಹಿಡಿದುಕೊಂಡೆ. ಬುದ್ಧನ ಮೊದಲ ವಿಗ್ರಹ ಮಾಡಿದವನು ಯಾರೋ ಗೊತ್ತಿಲ್ಲ, ಉಳಿದದ್ದೆಲ್ಲ ನಕಲಿನ ನಕಲು ತಾನೇ? ಅವನೇನಾದರೂ ಹಕ್ಕು ಕಾಯ್ದಿರಿಸಿಕೊಂಡಿದ್ದರೆ ಧಮ್ಮ ಗಯೆಯನ್ನು ದಾಟುತ್ತಿತ್ತೆ? ನುಗ್ಗೇಹಳ್ಳಿಯ ಹೊಯ್ಸಳ ಗುಡಿಯ ಗೋಡೆಯ ಮೇಲಿನ ಒಂದು ಹಂಸ ಇನ್ನೊಂದರ ನಕಲಲ್ಲವೆ? ಮೇಷ್ಟ್ರು ಯೋಚಿಸಿ, ಬುದ್ಧನ ಹೆಸರಲ್ಲಿ ಹಿಂಡಿ ಮಾರಿದರೆ ಆಗ ನೋಡೋಣ ಮಗಳೇ ಎಂದುಬಿಟ್ಟರು. ಮಾತು ತಿರುಗಿಸಿ ಟೀ ಹೇಳಿದೆ. ಟೀ ಬಂತು, ಅದೂ ಐಸ್ ಹಾಕಿದ ಕಿತ್ತಳೆ ಬಣ್ಣದ ಟೀ.

ಚಿಕ್ಕಮ್ಮ ಅಷ್ಟರಲ್ಲಿ ಒಬ್ಬ ಮುದುಕನ ಮುಂದೆ ಕುಕ್ಕರಗಾಲಲ್ಲಿ ಕೂತು ಭೂತಗನ್ನಡಿ ಇಸಿದುಕೊಂಡಿದ್ದಳು. ಅವನು ಎರಡು ತಾಯಿತ ಇಟ್ಟು ನೋಡು ಅಂದ. ಒಂದು ನುಣುಪು, ಮೂಗು ಕಣ್ಣು ತಿದ್ದಿದ ಹಾಗಿದೆ. ಇನ್ನೊಂದರ ಕಿವಿಯ ಬಳಿ ಸಣ್ಣ ಸೀಳು, ಅಂಚಿನಲ್ಲಿ ಒಂದು ಗುಳಿ. ಚಿಕ್ಕಮ್ಮ ಸೀಳಿದ್ದನ್ನು ಎತ್ತಿ ಕೊಟ್ಟಳು. ಮುದುಕ ತೊಡೆ ತಟ್ಟಿಕೊಂಡು ನಕ್ಕ. ಆ ಹಳೇ ಅಚ್ಚಿನಲ್ಲಿ ಅದೇ ಜಾಗದಲ್ಲಿ ಒಡಕಿತ್ತಂತೆ, ನಕಲು ಮಾಡುವವರು ಪಾಪ, ಒಡಕನ್ನು ಸರಿಮಾಡಿಬಿಡುತ್ತಾರಂತೆ. ನೋಕ್ ಇದನ್ನು ಹೇಳುವಾಗ ನಾನು ವಾಚಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ. ಅರ್ಧ ಕಿವಿಗೆ ಬಿತ್ತು.

ರೋಡ್ ರೋಲರ್

ನಾಲ್ಕನೆಯ ದಿನದ ಬೆಳಿಗ್ಗೆ ನನ್ನ ಹಟದಿಂದ ಸೇರಿಸಿದ ನಿಲ್ದಾಣ. ವಕೀಲರ ಕಛೇರಿಯೊಂದರಲ್ಲಿ ನಕಲಿ ವಸ್ತುಗಳದೇ ಒಂದು ಸಂಗ್ರಹಾಲಯ. ಜಪ್ತಿಯಾದ ಮಾಲನ್ನು ಅಸಲಿಯ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಉಳಿದವರು ದೊಡ್ಡ ವಿಹಾರಕ್ಕೆ ಹೋದರು. ಚಿಕ್ಕಮ್ಮ, ನೋಕ್, ನಾನು ಮೂವರೇ ಇಲ್ಲಿಗೆ ಬಂದೆವು.

ಗಾಜಿನ ಕಪಾಟುಗಳಲ್ಲಿ ಬೂಟು, ಸೋಪು, ಟೂತ್‌ಪೇಸ್ಟು, ಟಾರ್ಚಿನ ಶೆಲ್ಲು, ಮಾತ್ರೆ, ಬೈಕಿನ ಬ್ರೇಕು. ಬ್ರೇಕಿನ ಮುಂದೆ ನನ್ನ ವಾದ ಸ್ವಲ್ಪ ಎಡವಿತು. ಚಡ್ಡಿಯ ಪಟ್ಟಿಯ ಮೇಲಿನ ಹೆಸರು ನಕಲಾದರೆ ಯಾರ ಗಂಟೇನು ಹೋಯಿತು, ಸರಿ. ಸಕಲೇಶಪುರದ ಘಾಟಿಯಲ್ಲಿ ಇಳಿಯುವಾಗ ಬ್ರೇಕು ನಕಲಿಯಾದರೆ? ಅಲ್ಲಿಯ ಹುಡುಗಿ ನನಗೆ ಒಂದು ಪರೀಕ್ಷೆ ಕೊಟ್ಟಳು. ಆರು ಜೋಡಿ ವಸ್ತು, ಅಸಲಿ ಯಾವುದು ಹೇಳಿ. ಉತ್ಸಾಹದಿಂದ ಹೇಳಿದೆ. ಆರಕ್ಕೆ ಆರೂ ತಪ್ಪು. ಹೊಲಿಗೆ ನೆಟ್ಟಗಿದ್ದದ್ದು, ಅಕ್ಷರ ಹೊಳೆಯುತ್ತಿದ್ದದ್ದು, ಡಬ್ಬಿ ಚೂಪಾಗಿದ್ದದ್ದು, ಎಲ್ಲವನ್ನೂ ಅಸಲಿ ಅಂದಿದ್ದೆ. ಮೋಸಗೊಳಿಸಲೆಂದೇ ಆರಿಸಿಟ್ಟ ಜೋಡಿಗಳು ಅವು ಎಂದು ಆ ಹುಡುಗಿ ನಕ್ಕಳು.

ಕೊನೆಯ ಗೋಡೆಯಲ್ಲಿ ಒಂದು ದೊಡ್ಡ ಫೋಟೋ. ವಶಪಡಿಸಿಕೊಂಡ ಸಾವಿರಾರು ವಾಚು, ಬ್ಯಾಗುಗಳನ್ನು ಮೈದಾನದಲ್ಲಿ ಹರಡಿ ಅದರ ಮೇಲೆ ರೋಡ್ ರೋಲರ್ ಹತ್ತಿಸುತ್ತಿದ್ದಾರೆ. ಅಧಿಕಾರಿಗಳು ಸಾಲಾಗಿ ನಿಂತು ನೋಡುತ್ತಿದ್ದಾರೆ.

"ಅದರ ಕೆಳಗೆ ಬಿದ್ದಿರದೆಲ್ಲ ನಕಲಿನೇ ಅಂತ ನೋಡ್ದೋರ್ ಯಾರು?" ಅಂದಳು ಚಿಕ್ಕಮ್ಮ.

ಆಗ ನನ್ನ ಫೋನು ಹೊಡೆದುಕೊಂಡಿತು. ವೀಡಿಯೋ ಕಾಲ್. ಪರದೆಯ ಮೇಲೆ ಎಸ್ಸೈ.

ಮಹಜರು

ನಮ್ಮಲ್ಲಿ ಆಗಿನ್ನೂ ಹತ್ತು ಗಂಟೆ. ದೂರಿನಲ್ಲಿ ಹೆಸರಿಸಿದ್ದ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಎಸ್ಸೈ ನುಗ್ಗಿದ್ದರು. ಸಿಳ್ಳೆ ಹಾಕಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಬಗೆಯ ಪೊಟ್ಟಣವೂ ಇದ್ದವು, ದೂರಿನಲ್ಲಿ ಬರೆದ ಪ್ರಕಾರವೇ ಬೇರ್ಪಡಿಸಿ ನಕಲಿ ಮೂರು ಪೆಟ್ಟಿಗೆ ಹಿಡಿದಿದ್ದೇವೆ, ಪಂಚರು ಕೂತಿದ್ದಾರೆ, ಮಹಜರು ಬರೆಯುತ್ತಿದ್ದೇವೆ, ಮುಗಿದರೆ ಸಹಿ ಎಂದರು. ನನಗೆ ಆಕಾಶ ಮೂರೇ ಗೇಣು! ಪೊಲೀಸರು ಹೋಗುವುದಿಲ್ಲ, ಹಿಡಿಯುವುದಿಲ್ಲ ಎಂದು ಸಾರಿದ್ದ ನನ್ನ ವಾದ ಸೋತದ್ದಕ್ಕೆ ನಾನೇ ಕುಣಿಯುತ್ತಿದ್ದೆ. ಎಸ್ಸೈ ಫೋನನ್ನು ತಿರುಗಿಸಿ ಪೆಟ್ಟಿಗೆ ತೋರಿಸಿದರು.

ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಸಾ, ಅವು ನಮ್ಮವು."

ಎಸ್ಸೈ ಸಾವಧಾನವಾಗಿಯೇ ಕಾಗದ ತೆಗೆದು ಓದಿದರು. "ನಕಲಿ ಪೊಟ್ಟಣಗಳು ಕಳಪೆಯಾಗಿ, ಅಂಚು ಓರೆಕೋರೆಯಾಗಿ ಮುಚ್ಚಲ್ಪಟ್ಟಿದ್ದು, ಅಸಲಿಯು ಅಚ್ಚುಕಟ್ಟಾಗಿರುತ್ತದೆ. ಇದು ನೀವೇ ಬರ್ದಿರದಲ್ವಾ ಮೇಡಂ?"

ಬೂಟಿನ ಕಂಪನಿಯ ವಾಕ್ಯ. ಬೂಟು ತೆಗೆದು ಪೊಟ್ಟಣ ಹಾಕಿದ್ದೆ, ಹೊಲಿಗೆ ತೆಗೆದು ಅಂಚು ಹಾಕಿದ್ದೆ. ಅಸಲಿಯನ್ನು ಒಂದು ಸಲವೂ ಕೈಗೆತ್ತಿಕೊಂಡು ನೋಡಿರಲಿಲ್ಲ. ಆ ಮೂರು ಪೆಟ್ಟಿಗೆ ಮಹಜರಿನಲ್ಲಿ ನಕಲಿ ಎಂದು ಸೇರಿದರೆ ನ್ಯಾಯಾಲಯದ ಸ್ವತ್ತಾಗುತ್ತದೆ. ಅಂಗಡಿಯಲ್ಲಿ ಉಳಿಯುವ ಹಿಂಡಿ ಪೊಲೀಸರೇ ಪರೀಕ್ಷಿಸಿ ಬಿಟ್ಟ ಅಸಲಿ. ಆಗ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸುಜಾತಮ್ಮ ಎಂಬ ಹೆಸರಿನ ಅರ್ಥ ಹಿಂಡಿ. ಅದನ್ನು ಬರೆದುಕೊಟ್ಟವಳು ನಾನು, ಸಹಿ ಸಮೇತ.

ಫೋನಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

ಚಿಕ್ಕಮ್ಮ ಮಾತಾಡಿದಳು. ತಾನು ಮೆಷೀನು ಇಟ್ಟುಕೊಂಡಿಲ್ಲ, ಕವರಿನ ಬಾಯನ್ನು ಗರಗಸದ ಬ್ಲೇಡಿನ ಮೇಲೆ ಮಡಚಿ ಮೇಣದಬತ್ತಿಯ ಉರಿಗೆ ಹಿಡಿದು ಎಳೆದು ಅಂಟಿಸುತ್ತೇನೆ, ಅದಕ್ಕೇ ಅಂಚು ನೆಟ್ಟಗಿರುವುದಿಲ್ಲ ಎಂದಳು. ಎಸ್ಸೈಗೆ ನಂಬಿಕೆ ಬರಲಿಲ್ಲ. "ಅಸಲಿ ಇಷ್ಟು ಸೊಟ್ಟ ಇರ್ತದಾ ಅಮ್ಮಾ?"

"ನಮ್ದು ಸೊಟ್ಟನೇ ಸಾ. ನೆಟ್ಟಗಿರದು ಅವರ್ದು."

ಹಾಗೆ ಯಾರು ಬೇಕಾದರೂ ಹೇಳಬಹುದು ಅಂದರು ಅವರು. ನ್ಯಾಯವಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಚಿಕ್ಕಮ್ಮ ಚೀಲದಿಂದ ಉಳಿದಿದ್ದ ಕೊನೆಯ ಪೊಟ್ಟಣ ತೆಗೆದಳು. ನೋಕ್‌ಗೆ ಕೊಡಲೆಂದು ಎತ್ತಿಟ್ಟದ್ದು ಅದು. ಫೋನಿನ ಮುಂದೆ ಹಿಡಿದಳು.

"ಚಿತ್ರ ನಿಮ್ ಕಡೀಕೆ ಇಟ್ಕಳಿ ಸಾ. ಈಗ ಅಂಚಿನ ಎಡಗಡೆ ಮೂಲೇಲಿ ಹೆಬ್ಬೆಟ್ ಆಡ್ಸಿ. ಒಂದ್ ಗಂಟು ಸಿಕ್ತದೆ, ರಾಗಿಕಾಳಷ್ಟು. ನಾನು ಎಡಚಿ. ಬಲಗಡೆಯಿಂದ ಎಡಗಡೀಕೆ ಎಳೀತೀನಿ. ಕೊನೇಗೆ ಕೈ ನಿಂತ್ ಕಡೆ ಪ್ಲಾಸ್ಟಿಕ್ ಕರಗಿ ಗಂಟಾಯ್ತದೆ. ಯಾವ ಪೊಟ್ಣ ಬೇಕಾದ್ರೂ ಎತ್ಕಳಿ."

ಪರದೆಯಲ್ಲಿ ಕಂಡದ್ದು ಒಂದು ಹೆಬ್ಬೆರಳು ಮಾತ್ರ. ಮೊದಲ ಪೊಟ್ಟಣದ ಮೂಲೆಗೆ ಹೋಯಿತು, ನಿಂತಿತು. ಎರಡನೆಯದು, ನಿಂತಿತು. ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ತೆಗೆದದ್ದು, ನಿಂತಿತು. ಎಸ್ಸೈ ಕಪಾಟಿನಿಂದ ಅಚ್ಚುಕಟ್ಟಾದ ಒಂದನ್ನು ತರಿಸಿದರು. ಹೆಬ್ಬೆರಳು ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋಗಿಬಿಟ್ಟಿತು. ಸಂಗ್ರಹಾಲಯದ ಹುಡುಗಿ, ನೋಕ್, ನಾನು ಮೂವರೂ ಒಂದೇ ಫೋನಿಗೆ ತಲೆ ತೂರಿಸಿದ್ದೆವು.

ಅಂಗಡಿಯವನು ಹಿಂದಿನಿಂದ ಏನೋ ಕೂಗಾಡುತ್ತಿದ್ದ. ಎಸ್ಸೈ ಒಂದು ನೆಟ್ಟನೆಯ ಪೊಟ್ಟಣವನ್ನು ಮಾದರಿಯೆಂದು ಬರೆಸಿ ತೆರೆಸಿದರು. ಪಂಚರಲ್ಲೊಬ್ಬರು ಎದುರಿನ ಹೋಟೆಲಿನವರು. ಬೇಡವೆನ್ನುವಷ್ಟರಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಉಗಿದರು.

"ಇದು ಹಿಂಡಿ ಸಾ. ನಮ್ ಎಮ್ಮೆಗೆ ದಿನಾ ನಾನೇ ಹಾಕದು, ವಾಸ್ನೆ ಗೊತ್ತಾಗಕಿಲ್ವಾ?"

ಅರ್ಧ ಬರೆದ ಮಹಜರಿನ ಹಾಳೆಯ ಮೇಲೆ ಎಸ್ಸೈ ಅಡ್ಡಗೆರೆ ಎಳೆದದ್ದು ಕಾಣಿಸಿತು. ಆಮೇಲೆ ನನ್ನನ್ನು ಕರೆಯಲು ಹೇಳಿದರು. ಗದರಲಿಲ್ಲ. ತಿದ್ದುಪಡಿಯ ಹೇಳಿಕೆಯನ್ನು ಈಗಲೇ ಬರೆದು ಸಹಿ ಹಾಕಿ ಫೋಟೋ ಕಳಿಸಬೇಕು, ಊರಿಗೆ ಬಂದ ದಿನ ಮೂಲಪ್ರತಿ ತರಬೇಕು ಅಂದರು. "ಈ ಸಲ ನೋಡ್ಕೊಂಡ್ ಬರೀರಿ ಮೇಡಂ."

ಆ ಸಂಗ್ರಹಾಲಯದ ಮೇಜಿನ ಮೇಲೆ, ಅವರದೇ ಕಾಗದದಲ್ಲಿ, ಚಿಕ್ಕಮ್ಮನ ಪೊಟ್ಟಣವನ್ನು ಎದುರಿಗಿಟ್ಟುಕೊಂಡು ಬರೆದೆ. ಕಾನೂನಿನ ಒಂದು ಪದವೂ ಇಲ್ಲ. ಬ್ಲೇಡು, ಮೇಣದಬತ್ತಿ, ಎಡಗೈ, ರಾಗಿಕಾಳಿನಷ್ಟು ಗಂಟು. ನಾನು ಬರೆದ ದೂರುಗಳಲ್ಲಿ ನಕಲಲ್ಲದ್ದು ಅದೊಂದೇ. ಹೊರಗೆ ಬಂದು ಮೂವರೂ ಟುಕ್‌ಟುಕ್ ಹತ್ತಿದಾಗ ನೋಕ್ ಆ ಪೊಟ್ಟಣ ಈಗಲಾದರೂ ಕೊಡುತ್ತೀರಾ ಎಂದು ಕೇಳಿದಳು. ಚಿಕ್ಕಮ್ಮ ಎಡಗೈಯಲ್ಲೇ ಕೊಟ್ಟಳು. ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನೋಕ್‌ಳ ಹೆಬ್ಬೆರಳು ಅದರ ಮೂಲೆಯ ಮೇಲಿತ್ತು.

ಮರಳಿ ಅರಕಲಗೂಡಿಗೆ

ಓದುವವರು ಕೇಳುತ್ತೀರಿ, ಹಾಗಾದರೆ ವಾದ ಬದಲಾಯಿತೆ ಎಂದು. ಅಷ್ಟು ಸುಲಭವಾಗಿ ಬಿಟ್ಟುಕೊಡುವವಳಲ್ಲ. ನನ್ನ ನಕಲಿ ವಾಚು ಇವತ್ತಿಗೂ ಸರಿಯಾದ ಹೊತ್ತು ತೋರಿಸುತ್ತದೆ, ಅದರ ಮೇಲಿನ ಹೆಸರಿನ ಕಂಪನಿ ಮುಳುಗಿದ ಸುದ್ದಿಯಿಲ್ಲ. ನಮ್ಮ ಪ್ರಕರಣದಲ್ಲೂ ಅಂಗಡಿಯವನು ಬೈಕಿನಲ್ಲಿ ಬರುವ ಯಾರೋ ಒಬ್ಬ ಹಾಕಿಹೋಗುತ್ತಿದ್ದ ಎಂದಿದ್ದಾನೆ. ಆ ಯಾರೋ ಒಬ್ಬ ಇನ್ನೂ ಸಿಕ್ಕಿಲ್ಲ, ಎಸ್ಸೈ ಹುಡುಕುತ್ತಿದ್ದಾರೆ. ಆದರೆ ಹಳೆಯ ಆ ಪ್ರಶ್ನೆಯನ್ನು ಈಗ ನಾನು ವೇದಿಕೆಯಲ್ಲಿ ಕೇಳುವುದಿಲ್ಲ. ಕಳುವಾದದ್ದೇನು ಎಂದರೆ, ಹೊಳೆನರಸೀಪುರದ ನಮ್ಮ ಬೀದಿಯ ಅಂಗಡಿಯವರು ನನ್ನ ಚಿಕ್ಕಮ್ಮನನ್ನು 'ತುಂಬ್ತಾವ್ರೆ' ಅನ್ನದೆ 'ತುಂಬ್ತಾವ್ಳೆ' ಅಂದಿದ್ದರಲ್ಲ, ಆ ಮರ್ಯಾದೆ.

ಅವರೇ ಈಗ ಪೊಟ್ಟಣ ಮತ್ತೆ ತರಿಸಿಕೊಂಡಿದ್ದಾರೆ. ಗಿರಾಕಿಗೆ ಕೊಡುವ ಮುಂಚೆ ಎಡ ಮೂಲೆ ಒಮ್ಮೆ ಸವರಿ ನೋಡುತ್ತಾರೆ. ಗಿರಾಕಿಗಳೂ ಕಲಿತಿದ್ದಾರೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು ಟಿಕೆಟು ಹರಿಯುವ ಹೆಬ್ಬೆರಳಿನಿಂದ ಪೊಟ್ಟಣ ತಡವುತ್ತ ನಿಂತಿದ್ದನ್ನು ನಾನೇ ಕಂಡೆ.

ಬೇಡಿಕೆ ಹೆಚ್ಚಿ ಚಿಕ್ಕಮ್ಮನಿಗೆ ಕೈ ಸಾಲದಾಯಿತು. ಹೋದ ಭಾನುವಾರ ಅರಕಲಗೂಡಿಗೆ ಹೋಗಿ, ಅವಳು ಹುರಿಯುತ್ತಿದ್ದಾಗ ನಾನೇ ಮೇಣದಬತ್ತಿ ಹಚ್ಚಿ, ಬ್ಲೇಡು ಹಿಡಿದು ಇಪ್ಪತ್ತು ಪೊಟ್ಟಣ ಅಂಟಿಸಿದೆ. ಅವಳ ಹಾಗೇ, ಸೊಟ್ಟಕ್ಕೆ ಸೊಟ್ಟ. ಹೆಮ್ಮೆಯಿಂದ ಮುಂದಿಟ್ಟೆ. ಅವಳು ಒಂದನ್ನೆತ್ತಿ ಹೆಬ್ಬೆರಳಾಡಿಸಿದಳು. ಗಂಟು ಬಲ ಮೂಲೆಯಲ್ಲಿತ್ತು.

ಇಪ್ಪತ್ತನ್ನೂ ಪಕ್ಕಕ್ಕೆ ಸರಿಸಿದಳು. "ಇವು ಮನೆ ಊಟಕ್ಕಾಯ್ತವೆ. ಅಂಗಡೀಗೆ ಕೊಟ್ರೆ ಎಸ್ಸೈ ಸಾಹೇಬ್ರು ನಿನ್ನೇ ಹಿಡ್ಕಂಡೋಯ್ತಾರೆ ಕಣೆ."

ಬ್ಲೇಡನ್ನು ಎಡಗೈಗೆ ದಾಟಿಸಿಕೊಂಡೆ. ಮೊದಲ ಮೂರು ಪೊಟ್ಟಣ ಸುಟ್ಟುಹೋದವು, ನಾಲ್ಕನೆಯದಕ್ಕೆ ನನ್ನ ಹೆಬ್ಬೆರಳು. ಐದನೆಯದನ್ನು ಅವಳು ಸವರಿ ನೋಡಿ, ಅಂಗಡಿಗೆ ಹೋಗುವ ಪೆಟ್ಟಿಗೆಗೆ ಹಾಕಿದಳು.